ನವವೃಂದಾವನ ಗಡ್ಡೆಯ ದಾರಿಯಲ್ಲಿ



ನವೆಂಬರ್ ಎಂದರೆ ನಮಗೆ ಅಗಲಿದವರ ತಿಂಗಳು. ಸಕಲ ಸಂತರ ಹಬ್ಬ ಕಳೆದ ಮರುದಿನ ಸುಂಟಿಕೊಪ್ಪದ ಮನೆಮನೆಯವರೂ ಹೂವು, ಮೇಣದಬತ್ತಿ ಹಿಡಿದು ಸಮಾಧಿಗಳ ಕಡೆಗೆ ಹೆಜ್ಜೆ ಹಾಕುತ್ತಾರೆ. ಅದೇ ತಿಂಗಳಲ್ಲಿ ನಮ್ಮ ಧರ್ಮಕೇಂದ್ರದ ಯುವಜನರು ಹಂಪಿ ನೋಡಬೇಕೆಂದು ಹಟ ಹಿಡಿದರು. ಮೈಸೂರಿನವರೆಗೆ ಬಸ್ಸು, ಅಲ್ಲಿಂದ ಹಂಪಿ ಎಕ್ಸ್‌ಪ್ರೆಸ್, ಬೆಳಿಗ್ಗೆ ಹೊಸಪೇಟೆ. ನೋಡಲು ಹೋದದ್ದು ಹಂಪಿಯನ್ನಾದರೂ ಮನಸ್ಸಿನಲ್ಲಿ ಉಳಿದದ್ದು ಹೊಳೆಯಾಚೆಯ ಒಂದು ಸಮಾಧಿ ಸ್ಥಳ.

ಈಚಿನ ವರ್ಷಗಳಲ್ಲಿ ಹಂಪಿ, ಆನೆಗೊಂದಿಯ ಸುತ್ತ ಗೈಡ್ ಜೊತೆಯಲ್ಲಿ ಬ್ಯಾಟರಿ ಬೈಕಿನ ಮೇಲೆ ಊರು ಸುತ್ತುವುದು ಶುರುವಾಗಿದೆ. ಸದ್ದಿಲ್ಲ, ಹೊಗೆಯಿಲ್ಲ. ಕೊಡಗಿನ ಏರಿನಲ್ಲಿ ಸೈಕಲ್ ತಳ್ಳಿಯೇ ಬೆಳೆದ ನಮಗೆ ಇದೊಂದು ಸೋಜಿಗ. ಭತ್ತದ ಗದ್ದೆ, ಬಾಳೆತೋಟ, ಬಂಡೆಗುಡ್ಡಗಳ ನಡುವೆ ಸಾಗಿ ಆನೆಗೊಂದಿಯ ಹೊಳೆದಂಡೆ ತಲುಪಿದೆವು. ಬೈಕಿನ ಪ್ರಯಾಣ ಅಲ್ಲಿಗೆ ಮುಗಿಯಿತು. ಮುಂದೆ ತುಂಗಭದ್ರೆ, ಅದರ ನಡುವೆ ನವವೃಂದಾವನ ಗಡ್ಡೆ. ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ದೋಣಿಯೂ ಇಲ್ಲ, ಗಡ್ಡೆಯ ಸಂಪರ್ಕವೇ ಕಡಿದುಹೋಗುತ್ತದೆ.

ಮಾಧ್ವ ಪರಂಪರೆಯ ಒಂಬತ್ತು ಮಂದಿ ಯತಿಗಳು ಈ ಗಡ್ಡೆಯಲ್ಲಿ ವಿಶ್ರಮಿಸಿದ್ದಾರೆ. ಸನ್ಯಾಸಿಗಳನ್ನು ದಹಿಸುವ ಪದ್ಧತಿಯಿಲ್ಲ. ಭೂಮಿಗೆ ಒಪ್ಪಿಸಿ ಮೇಲೆ ಕಲ್ಲಿನ ವೃಂದಾವನ ಕಟ್ಟುತ್ತಾರೆ. ಎಲ್ಲಕ್ಕಿಂತ ಹಳೆಯದು ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭ ತೀರ್ಥರದು, ೧೩೨೪ರದ್ದು. ವಿಜಯನಗರ ಹುಟ್ಟಿದ್ದು ೧೩೩೬ರಲ್ಲಿ ಎಂಬುದನ್ನು ನೆನೆದರೆ, ಎದುರು ದಡದಲ್ಲಿ ರಾಜಧಾನಿ ಏಳುವ ಮೊದಲೇ ಇಲ್ಲೊಬ್ಬ ಸನ್ಯಾಸಿ ಮಲಗಿದ್ದರು. ೧೫೬೫ರಲ್ಲಿ ಆ ರಾಜಧಾನಿ ಹಾಳಾಯಿತು. ಅದಾದ ಎಷ್ಟೋ ವರ್ಷಗಳ ಮೇಲೆ ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಗುರು ಸುಧೀಂದ್ರ ತೀರ್ಥರನ್ನೂ ಇದೇ ಗಡ್ಡೆಗೆ ತಂದರು. ಅರಮನೆಗಿಂತ ಸಮಾಧಿಗಳ ಆಯುಷ್ಯ ಎರಡೂ ಕಡೆಯಿಂದ ದೊಡ್ಡದು!

ನಡುವೆ ಇರುವುದು ವ್ಯಾಸತೀರ್ಥರ ವೃಂದಾವನ. ಉಳಿದವು ಅದರ ಸುತ್ತ ನಿಂತಿವೆ. ವ್ಯಾಸತೀರ್ಥರು ನಮ್ಮ ಮೈಸೂರು ಸೀಮೆಯ ಬನ್ನೂರಿನವರು. ಮುಳಬಾಗಿಲಿನ ಶ್ರೀಪಾದರಾಜರಲ್ಲಿ ಕಲಿತವರು. 'ನ್ಯಾಯಾಮೃತ'ದಂಥ ಗ್ರಂಥ ಬರೆದ ತಾರ್ಕಿಕರು. ಪುರಂದರದಾಸರು, ಕನಕದಾಸರು ಇಬ್ಬರಿಗೂ ಗುರುಗಳೆಂದು ಕನ್ನಡ ನಾಡು ಅವರನ್ನು ನೆನೆಯುತ್ತದೆ. ತೀರಿಕೊಂಡದ್ದು ೧೫೩೯ರಲ್ಲಿ. ಅದಕ್ಕೆ ಕೆಲವೇ ವರ್ಷ ಮೊದಲು ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಮದುವೆಯಾಗದ ಒಬ್ಬ ವಿದ್ವಾಂಸನ ಉಪದೇಶವನ್ನು ಅರಸನು ದಿನವೂ ಕೇಳುತ್ತಿದ್ದನೆಂದು ಬರೆದಿಟ್ಟಿದ್ದಾನೆ. ಆತ ವ್ಯಾಸತೀರ್ಥರೇ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ನಮ್ಮವರೂ ಆ ಊರನ್ನು ಕಂಡಿದ್ದರು: ೧೫೧೦ರಲ್ಲಿ ಅಲ್ಬುಕರ್ಕ್ ತನ್ನ ದೂತನನ್ನಾಗಿ ಕೃಷ್ಣದೇವರಾಯನ ಬಳಿಗೆ ಕಳುಹಿಸಿದ್ದು ಲೂಯಿಸ್ ಎಂಬ ಫ್ರಾನ್ಸಿಸ್ಕನ್ ಸಭೆಯ ಗುರುವನ್ನು. ಕಾವಿ ಉಟ್ಟವರು, ಹಗ್ಗದ ನಡುಪಟ್ಟಿ ಕಟ್ಟಿದವರು ಒಂದೇ ರಾಜಬೀದಿಯಲ್ಲಿ ನಡೆದ ಕಾಲವದು.

ಇದನ್ನೆಲ್ಲ ನಮ್ಮ ಗೈಡ್ ಹೇಳಲಿಲ್ಲ. ದೋಣಿಗೆ ಕಾಯುತ್ತಾ ದಂಡೆಯಲ್ಲಿ ನಿಂತಾಗ ಆತ ದನಿ ತಗ್ಗಿಸಿ, "ರಾಜರ ಗುರುಗಳ್ರೀ ಅವರು. ಒಳಗ ಬಂಗಾರ ಐತಿ ಅಂತಾರ್ರೀ," ಎಂದ. ಹುಡುಗರ ಕಣ್ಣು ಅರಳಿದವು. ಅದುವರೆಗೆ ಮೊಬೈಲು ನೋಡುತ್ತಿದ್ದವರೂ ಹತ್ತಿರ ಬಂದರು. ಒಬ್ಬನಂತೂ "ಎಷ್ಟಿರಬಹುದು ಫಾದರ್?" ಎಂದು ನಮ್ಮನ್ನೇ ಕೇಳಿದ.

ನಮಗೆ ೨೦೧೯ರ ಜುಲೈ ನೆನಪಾಯಿತು. ಆ ತಿಂಗಳ ಒಂದು ರಾತ್ರಿ ನಿಧಿಗಳ್ಳರು ಹೊಳೆ ದಾಟಿ ಬಂದು ವ್ಯಾಸತೀರ್ಥರ ವೃಂದಾವನವನ್ನು ಒಡೆದು ಅಗೆದರು. ಬೆಳಿಗ್ಗೆ ಕಂಡವರು ಕಂಗಾಲಾದರು. ಸುದ್ದಿ ತಿಳಿದದ್ದೇ ತಡ ಹಲವು ಮಠಗಳ ಸ್ವಾಮಿಗಳು, ಭಕ್ತರು ಗಡ್ಡೆಗೆ ಧಾವಿಸಿ ಬಂದು, ಚೆದುರಿದ ಕಲ್ಲುಗಳನ್ನು ಆರಿಸಿ, ಒಂದೆರಡು ದಿನದೊಳಗೆ ಮತ್ತೆ ನಿಲ್ಲಿಸಿದರು. ಪೊಲೀಸರು ಕೆಲವರನ್ನು ಹಿಡಿದರು. ಈ ಗಡ್ಡೆಯ ಪೂಜೆಯ ಹಕ್ಕಿಗಾಗಿ ಮಠಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಉಂಟು. (ಸಮಾಧಿಯ ಆರಡಿ ಜಾಗಕ್ಕಾಗಿ ಗುರುಗಳ ಮನೆ ಬಾಗಿಲು ತಟ್ಟುವ ನಾವು ಅದನ್ನು ಕೇಳಿ ನಗುವಂತಿಲ್ಲ.)

ಬಂಗಾರದ ಮಾತು ಹುಟ್ಟಿದ್ದೆಲ್ಲಿ? ಕೃಷ್ಣದೇವರಾಯನು ವ್ಯಾಸತೀರ್ಥರಿಗೆ ರತ್ನಾಭಿಷೇಕ ಮಾಡಿದನೆಂದು ಪರಂಪರೆ ಹೇಳುತ್ತದೆ. ಆ ರತ್ನಗಳನ್ನು ಅವರು ತಮಗೆಂದು ಇಟ್ಟುಕೊಳ್ಳದೆ ಹಂಚಿಬಿಟ್ಟರೆಂದೂ ಅದೇ ಪರಂಪರೆ ಹೇಳುತ್ತದೆ. ಜನರ ಬಾಯಲ್ಲಿ ಮೊದಲರ್ಧ ಉಳಿಯಿತು, ಎರಡನೆಯದು ಬಿದ್ದುಹೋಯಿತೆಂದು ನಮಗೆ ತೋರುತ್ತದೆ. ಯೋಚಿಸಿ ನೋಡಿ: ದಂಡ, ಕಮಂಡಲು, ಒಂದು ಕಾವಿ ಬಟ್ಟೆ ಬಿಟ್ಟರೆ ಬೇರೆ ಆಸ್ತಿಯಿಲ್ಲವೆಂದು ವ್ರತ ತೊಟ್ಟವರ ಸಮಾಧಿಯಲ್ಲಿ ಯಾರು ಯಾಕೆ ಚಿನ್ನ ಹೂಳುತ್ತಾರೆ?

ಇಂಥದ್ದು ನಮ್ಮ ಸಭೆಯ ಚರಿತ್ರೆಯಲ್ಲೂ ಆಗಿದೆ. ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದಲ್ಲಿ ೬೩೫ರಲ್ಲಿ ಸಂತ ಏಡನ್ ಮಠ ಕಟ್ಟಿದರು. ಅಲ್ಲಿಗೂ ಸಮುದ್ರದ ಉಬ್ಬರ ಇಳಿದಾಗ ಮಾತ್ರ ದಾರಿ. ಕಾರಿನವರೂ ಸೈಕಲಿನವರೂ ಈಗಲೂ ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು. ೭೯೩ರಲ್ಲಿ ಹಡಗುಗಳಲ್ಲಿ ಬಂದ ವೈಕಿಂಗರು ಬೆಳ್ಳಿಬಂಗಾರಕ್ಕಾಗಿ ಆ ಮಠವನ್ನು ಸೂರೆ ಮಾಡಿ ಸನ್ಯಾಸಿಗಳನ್ನು ಕೊಂದರು. ೮೭೫ರಲ್ಲಿ ಉಳಿದವರು ದ್ವೀಪ ಬಿಟ್ಟು ಹೊರಟಾಗ ಹೆಗಲ ಮೇಲೆ ಹೊತ್ತದ್ದು ಸಂತ ಕತ್‌ಬರ್ಟರ ಶವಪೆಟ್ಟಿಗೆಯನ್ನು. ಆ ಮಠದಲ್ಲಿ ಕೈಯಾರೆ ಬರೆದ ಶುಭಸಂದೇಶದ ಹೊತ್ತಿಗೆ ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಗೈಡನ್ನು ಪಕ್ಕಕ್ಕೆ ಕರೆದು, "ತಮ್ಮಾ, ಆ ಬಂಗಾರದ ಕಥೆ ಬೇಡವಾಗಿತ್ತಲ್ಲ?" ಎಂದೆವು. ಆತ ಬೇಸರಿಸಲಿಲ್ಲ. "ಜನಕ್ಕ ಅದ ಬೇಕ್ರೀ ಸರ. ಪುಸ್ತಕದ ಮಾತು ಹೇಳಿದ್ರ ಯಾರೂ ನಿಲ್ಲಂಗಿಲ್ರೀ," ಎಂದ. ಹೊಟ್ಟೆಪಾಡಿನ ಮಾತು, ಅದಕ್ಕೆ ಉತ್ತರ ಸುಲಭವಿರಲಿಲ್ಲ. ಪ್ರಬೋಧನೆಯ ನಡುವೆ ಜನ ಆಕಳಿಸಿದಾಗ ಒಂದು ರೋಚಕ ಪವಾಡ ಕಥೆಯನ್ನು ನಾವೂ ಎಷ್ಟು ಸಲ ಸೇರಿಸಿಲ್ಲ? ಆದರೂ ಬ್ಯಾಟರಿ ಬೈಕಿಗೆ ಕೊಡುವ ತರಬೇತಿಯ ಜೊತೆಗೆ ಈ ಹುಡುಗರಿಗೆ ಊರಿನ ಚರಿತ್ರೆಯ ತರಬೇತಿಯನ್ನೂ ಕೊಡಬೇಕು, ಬಂದವರು ಅದಕ್ಕೆಂದೇ ನಾಲ್ಕು ಕಾಸು ಹೆಚ್ಚು ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ.

ದೋಣಿ ಬಂತು. ಅದರಲ್ಲಿ ಕುಳಿತು ಹುಡುಗರಿಗೆ ಪದ್ಮನಾಭ ತೀರ್ಥರಿಂದ ಹಿಡಿದು ಸುಧೀಂದ್ರ ತೀರ್ಥರವರೆಗೆ ನಮಗೆ ತಿಳಿದಷ್ಟನ್ನು ಹೇಳಿದೆವು. ಗೈಡ್ ಕೂಡ ಕಿವಿಗೊಟ್ಟು ಕೇಳುತ್ತಿದ್ದ. ಗಡ್ಡೆಯಲ್ಲಿ ವೃಂದಾವನಗಳ ಸುತ್ತ ಗೆರೆ ಎಳೆದಿದ್ದಾರೆ, ಅದನ್ನು ದಾಟುವಂತಿಲ್ಲ, ಮಾತಾಡುವಂತಿಲ್ಲ. ಚಪ್ಪಲಿ ಕಳಚಿ, ಗೆರೆಯ ಹೊರಗೆ ಒಂದು ಸುತ್ತು ಬಂದೆವು. ಎಷ್ಟಿರಬಹುದೆಂದು ಕೇಳಿದ ಹುಡುಗ ನಡುವಿನ ವೃಂದಾವನದ ಎದುರು ಬಹಳ ಹೊತ್ತು ನಿಂತಿದ್ದ. ಹೊರಗೆ ಬಂದ ಮೇಲೆ, "ಒಡೆದ ಗುರುತು ಕಾಣಿಸಲೇ ಇಲ್ಲ ಫಾದರ್," ಎಂದ. ಅಷ್ಟರಲ್ಲಿ ದೋಣಿಯವನು ಕೂಗಿದ.