ಬಾಟಲಿಯ ಕತ್ತಿಗೆ ಸುತ್ತಿದ ಕಾಗದದ ಪಟ್ಟಿ

ಇಟಲಿಯವರ ಬದುಕು ಅಂದ ಕೂಡಲೇ ನಮ್ಮ ಫೋನು ಒಂದೇ ಚಿತ್ರ ತೋರಿಸುತ್ತೆ. ಗುಡ್ಡದ ಮೇಲೊಂದು ಕಲ್ಲಿನ ಮನೆ, ಅಂಗಳದಲ್ಲಿ ಉದ್ದನೆಯ ಮೇಜು, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕೂತು ಎರಡು ಗಂಟೆ ಊಟ, ನಡುವೆ ಒಂದು ಬಾಟಲಿ ವೈನ್. ಯಾರಿಗೂ ಅವಸರ ಇಲ್ಲ. ರೋಮನ್ನರ ಕಾಲದಿಂದಲೂ ಇವರು ಹೀಗೇ ಇದ್ದರೇನೋ ಅನ್ನಿಸುತ್ತೆ. ನಾನೂ ಹಾಗೇ ಅಂದುಕೊಂಡು ಹೋದವನು.

ಹೋಗಿದ್ದು ವೆರೋನಾಕ್ಕೆ. ಅಲ್ಲಿ ವರ್ಷವರ್ಷ ಏಪ್ರಿಲ್‌ ಹೊತ್ತಿಗೆ ವಿನಿಟಲಿ ಅಂತ ದೊಡ್ಡ ವೈನ್ ಮೇಳ ನಡೆಯುತ್ತೆ. 1967ರಲ್ಲಿ ಊರಿನ ಒಂದು ಹಳೇ ಅರಮನೆಯಲ್ಲಿ ಎರಡು ದಿನದ ಕಾರ್ಯಕ್ರಮವಾಗಿ ಶುರುವಾದದ್ದು. ಈಗ ದೊಡ್ಡ ದೊಡ್ಡ ಹಾಲ್‌ಗಳು. ವೆನೆಟೊಗೆ ಒಂದು, ಟಸ್ಕನಿಗೆ ಒಂದು, ಪೀಡ್‌ಮಾಂಟ್‌ಗೆ ಒಂದು. ವ್ಯಾಪಾರಿಗಳು ಒಂದು ಗುಟುಕು ಬಾಯಲ್ಲಿ ಆಡಿಸಿ, ಬಕೆಟ್ಟಿಗೆ ಉಗುಳಿ, ಮುಂದಿನ ಸ್ಟಾಲಿಗೆ ನಡೀತಾರೆ. ಎಲೆ ಅಡಿಕೆ ಹಾಕೋರ ಮನೆಯಲ್ಲಿ ಬೆಳೆದ ನನಗೆ ಪೀಕದಾನಿ ಹೊಸದೇನಲ್ಲ ಬಿಡಿ.

ಹೊಸದಾಗಿ ಕಂಡಿದ್ದು ಬೇರೆ. ಯಾವ ಸ್ಟಾಲಿಗೆ ಹೋದರೂ ವೈನಿಗಿಂತ ಮೊದಲು ಊಟದ ಮಾತು. ಇದಕ್ಕೆ ಕುರಿ ಮಾಂಸ ಚೆನ್ನ, ಇದನ್ನ ಚೀಸ್ ಜೊತೆ ತಗೊಳ್ಳಿ, ಬರೀ ಹೊಟ್ಟೇಲಿ ಕುಡೀಬೇಡಿ. ಅವರ ಲೆಕ್ಕದಲ್ಲಿ ವೈನ್ ಅಂದ್ರೆ ಅಮಲಲ್ಲ, ನಮಗೆ ಮಜ್ಜಿಗೆ ಇದ್ದ ಹಾಗೆ, ಊಟದ ಒಂದು ಭಾಗ. ಎರಡನೇ ಮಾತು ಮಣ್ಣಿನದು. ಯಾವ ಗುಡ್ಡ, ಯಾವ ಇಳಿಜಾರು, ಬೆಳಗಿನ ಬಿಸಿಲೋ ಸಂಜೆ ಬಿಸಿಲೋ.

ಪೀಡ್‌ಮಾಂಟ್ ಹಾಲಿನಲ್ಲಿ ಒಬ್ಬ ಅಜ್ಜ ಬಾಟಲಿಯ ಕತ್ತಿಗೆ ಅಂಟಿಸಿದ್ದ ಸಣ್ಣ ಕಾಗದದ ಪಟ್ಟಿ ತೋರಿಸಿದರು. ಅದರ ಮೇಲೊಂದು ನಂಬರ್. ಡಿಒಸಿಜಿ ಅಂತ ಕರೆಯೋ ಮೇಲ್ದರ್ಜೆಯ ವೈನ್‌ಗಳಿಗೆ ಹಾಕುವ ಪಟ್ಟಿ. ಸರ್ಕಾರಿ ಟಂಕಸಾಲೆಯಲ್ಲೇ ಅಚ್ಚಾಗುತ್ತೆ, ನೋಟಿನ ಹಾಗೆ. ದ್ರಾಕ್ಷಿ ರಸಕ್ಕೆ ಇಷ್ಟು ಕಾವಲು ಯಾಕೆ ಅಂತ ಕೇಳಿದೆ. ಅಜ್ಜ ಒಂದೇ ಮಾತು ಅಂದರು: "ಎಂಬತ್ತಾರು." ಪಕ್ಕದಲ್ಲಿದ್ದ ಮಗಳು ವಿಷಯ ಬದಲಾಯಿಸಿದಳು.

ಈಗ ಎಂಬತ್ತಾರರ ಕಥೆ ಕೇಳಿ.

1986ರ ಮಾರ್ಚ್. ಮಿಲಾನ್ ಸುತ್ತಮುತ್ತ ಒಬ್ಬರ ಹಿಂದೆ ಒಬ್ಬರು ಆಸ್ಪತ್ರೆ ಸೇರೋಕೆ ಶುರು ಮಾಡ್ತಾರೆ. ಹೊಟ್ಟೆನೋವು, ವಾಂತಿ, ಆಮೇಲೆ ಕಣ್ಣು ಮಂಜು. ಎಲ್ಲರೂ ಕುಡಿದಿದ್ದು ಅಂಗಡಿಯಲ್ಲಿ ಸಿಗೋ ಅತಿ ಅಗ್ಗದ ವೈನ್. ಪರೀಕ್ಷೆ ಮಾಡಿದರೆ ಅದರಲ್ಲಿ ಮೆಥನಾಲ್. ಜಾಡು ಹಿಡಿದು ಹೋದ ತನಿಖೆ ಪೀಡ್‌ಮಾಂಟ್‌ನ ನಾರ್ಟ್ಸೋಲೆ ಅನ್ನೋ ಸಣ್ಣ ಊರಿನ ಸಗಟು ವ್ಯಾಪಾರಿಗಳ ಬಾಗಿಲಿಗೆ ತಲುಪಿತು. ಸತ್ತವರು 20ಕ್ಕೂ ಹೆಚ್ಚು. ಹಲವರು ಶಾಶ್ವತವಾಗಿ ದೃಷ್ಟಿ ಕಳೆದುಕೊಂಡರು.

ಮೆಥನಾಲ್ ಯಾಕೆ ಹಾಕಿದರು? ಆಗ ಸಾಧಾರಣ ವೈನಿನ ಬೆಲೆ ನಿಲ್ಲುತ್ತಿದ್ದದ್ದು ಅದರಲ್ಲಿ ಎಷ್ಟು ಡಿಗ್ರಿ ಆಲ್ಕೋಹಾಲ್ ಇದೆ ಅನ್ನೋದರ ಮೇಲೆ. ದ್ರಾಕ್ಷಿ ಸರಿಯಾಗಿ ಹಣ್ಣಾಗದೆ ಇದ್ದರೆ ಡಿಗ್ರಿ ಕಮ್ಮಿ. ಸಕ್ಕರೆ ಬೆರೆಸಿ ಡಿಗ್ರಿ ಏರಿಸೋದಕ್ಕೆ ಇಟಲಿಯ ಕಾನೂನಿನಲ್ಲಿ ಅವಕಾಶ ಇಲ್ಲ. ಅಷ್ಟರಲ್ಲಿ ಸರ್ಕಾರ ಮೆಥನಾಲ್ ಮೇಲಿನ ತೆರಿಗೆ ತೆಗೆದಿತ್ತು. ಕೈಗಾರಿಕೆಯ ಕೆಮಿಕಲ್ ದ್ರಾಕ್ಷಿಗಿಂತ ಅಗ್ಗ! ಮೆಥನಾಲ್ ದೇಹಕ್ಕೆ ಹೋದ ಮೇಲೆ ಯಕೃತ್ತು ಅದನ್ನ ಫಾರ್ಮಿಕ್ ಆಮ್ಲ ಮಾಡುತ್ತೆ. ಅದು ಮೊದಲು ಹೊಡೆಯೋದು ಕಣ್ಣಿನ ನರಕ್ಕೆ.

ಈ ಲಕ್ಷಣಗಳನ್ನ ಬೆಂಗಳೂರಿನ ಹಿರಿಯರ ಮುಂದೆ ಹೇಳಿ ನೋಡಿ, 1981ರ ಜುಲೈ ನೆನಪು ಮಾಡಿಕೊಳ್ತಾರೆ. ಆಗ ಇಲ್ಲಿ ಕಳ್ಳಭಟ್ಟಿ ಕುಡಿದು ಸತ್ತವರು ಸುಮಾರು 300 ಮಂದಿ. ಕೊಂದಿದ್ದು ಅದೇ ಮೆಥನಾಲ್. ಸತ್ತವರು ಎರಡೂ ಕಡೆ ಒಂದೇ ಥರದವರು: ಕೈಗೆ ಸಿಗೋ ಅಗ್ಗದ್ದನ್ನ ಕೊಳ್ಳುವ ಜನ. ಆದರೆ ಇಟಲಿಯಲ್ಲಿ ವಿಷ ಬಂದದ್ದು ಕಳ್ಳದಾರಿಯಲ್ಲಲ್ಲ. ಬಿಲ್ ಸಮೇತ, ಲೇಬಲ್ ಅಂಟಿಸಿಕೊಂಡು, ಅಂಗಡಿಯ ಶೆಲ್ಫಿನಲ್ಲಿ ಕೂತಿತ್ತು. ಮನೆಮಂದಿ ಊಟದ ಮೇಜಿನ ಮೇಲೆ ಇಟ್ಟುಕೊಂಡ ಬಾಟಲಿ ಅದು.

ಕಾನೂನು ಇರಲಿಲ್ಲವಾ? ಇತ್ತು. ಯಾವ ಊರಿನ ವೈನ್ ಹೇಗಿರಬೇಕು ಅನ್ನೋ ಡಿಒಸಿ ನಿಯಮ 1963ರಲ್ಲೇ ಬಂದಿತ್ತು. 1980ರಲ್ಲಿ ಬರೋಲೊ, ಬ್ರುನೆಲ್ಲೊ ಥರದ ದೊಡ್ಡ ಹೆಸರುಗಳಿಗೆ ಡಿಒಸಿಜಿ ಕೂಡ ಸಿಕ್ಕಿತ್ತು. ಆದರೆ ಕಾವಲು ಇದ್ದದ್ದು ಶ್ರೀಮಂತರ ಬಾಟಲಿಗೆ. ಕೂಲಿಕಾರ ಕೊಳ್ಳುವ ಲೀಟರ್ ವೈನಿಗೆ ಆ ಥರದ ಕಾವಲು ಇರಲಿಲ್ಲ. ನನಗೆ ಈ ಕಥೆಯಲ್ಲಿ ಚುಚ್ಚೋದು ಇದೇ.

ಸುದ್ದಿ ಹರಡಿದ ಮೇಲೆ ಹೊರದೇಶಗಳು ಇಟಲಿಯ ವೈನನ್ನ ಗಡಿಯಲ್ಲೇ ತಡೆದವು. ಆ ವರ್ಷ ರಫ್ತು ಸುಮಾರು ಮೂರನೇ ಒಂದು ಭಾಗ ಕುಸಿಯಿತು. ತಪ್ಪೇ ಮಾಡದ ರೈತನ ವೈನೂ ಪೀಪಾಯಿಯಲ್ಲೇ ಉಳಿಯಿತು. ಅದೇ ವರ್ಷ ಆಹಾರ ಕಲಬೆರಕೆ ತಡೆಯೋಕೆ ಒಂದು ಕೇಂದ್ರ ತಪಾಸಣಾ ಸಂಸ್ಥೆ ಹುಟ್ಟಿತು. 1992ರಲ್ಲಿ ವೈನ್ ಕಾನೂನನ್ನೇ ಹೊಸದಾಗಿ ಕಟ್ಟಿದರು.

ಕಾನೂನಿಗಿಂತ ಸ್ವಾರಸ್ಯದ ಸಂಗತಿ ನಡೆದದ್ದು ಪಕ್ಕದ ಬ್ರಾ ಎಂಬ ಊರಿನಲ್ಲಿ. ಹೌದು, ಊರಿನ ಹೆಸರೇ ಬ್ರಾ, ನಗಬೇಡಿ. ಅಲ್ಲಿನ ಕಾರ್ಲೊ ಪೆಟ್ರಿನಿ ಎಂಬ ಎಡಪಂಥೀಯ ಪತ್ರಕರ್ತ, ಗೆಳೆಯರ ಜೊತೆ ಸೇರಿ 1986ರಲ್ಲೇ ಆರ್ಚಿಗೋಲ ಅನ್ನೋ ಸಂಘ ಕಟ್ಟಿದರು. ಅದೇ ವಸಂತದಲ್ಲಿ ರೋಮಿನ ಸ್ಪ್ಯಾನಿಷ್ ಮೆಟ್ಟಿಲುಗಳ ಹತ್ತಿರ ಮೆಕ್‌ಡೊನಾಲ್ಡ್ಸ್ ಬಂದಿತ್ತು. ಅದನ್ನ ವಿರೋಧಿಸಿದವರು ಜನಕ್ಕೆ ಪಾಸ್ತಾ ಹಂಚಿದರು. ಈ ಸಂಘವೇ ಮುಂದೆ ಸ್ಲೋ ಫುಡ್ ಆಯಿತು. 1989ರಲ್ಲಿ ಪ್ಯಾರಿಸ್‌ನಲ್ಲಿ ಹಲವು ದೇಶದವರು ಅದರ ಪ್ರಣಾಳಿಕೆಗೆ ಸಹಿ ಹಾಕಿದರು. ಸ್ಲೋ ಫುಡ್ ಅಂದ್ರೆ ಬರ್ಗರ್ ವಿರೋಧ ಅಂತಷ್ಟೇ ನಮಗೆ ಗೊತ್ತು. ಆದರೆ ನಾನು ನೋಡೋ ಪ್ರಕಾರ, ಅದರ ಬೇರಿನಲ್ಲಿ ನಾರ್ಟ್ಸೋಲೆಯ ವಿಷವೂ ಇದೆ. ನಿನ್ನ ತಟ್ಟೆಗೆ, ಲೋಟಕ್ಕೆ ಬಂದದ್ದು ಯಾರ ಹೊಲದ್ದು ಅಂತ ಕೇಳು ಅನ್ನೋ ಹಟ ಸುಮ್ಮನೆ ಶೋಕಿಗೆ ಹುಟ್ಟಿದ್ದಲ್ಲ.

ಮೇಳದಲ್ಲಿ ಪ್ರತಿಯೊಬ್ಬರೂ ತಮ್ಮ ಗುಡ್ಡದ ಹೆಸರು ಹೇಳುತ್ತಿದ್ದರಲ್ಲಾ, ಅದನ್ನ ಮೊದಲು ನಾನು ಮಾರ್ಕೆಟಿಂಗ್ ಅಂದುಕೊಂಡಿದ್ದೆ. ಸ್ವಲ್ಪ ಹೌದು ಕೂಡ. ಆದರೆ ಅದು ಒಂದು ರೀತಿಯ ಸಾಕ್ಷಿ ಹೇಳಿಕೆಯೂ ಹೌದು.

ಇದರ ನಡುವೆ ಕುಡಿಯುವ ರೀತಿಯೂ ಬದಲಾಯಿತು. 1970ರ ಸುಮಾರಿಗೆ ಇಟಲಿಯಲ್ಲಿ ತಲೆಗೆ ವರ್ಷಕ್ಕೆ 100 ಲೀಟರಿಗೂ ಹೆಚ್ಚು ವೈನ್ ಖರ್ಚಾಗುತ್ತಿತ್ತು. ಈಗ 40 ಲೀಟರ್ ಆಸುಪಾಸು. ಇಳಿಕೆ ಹಗರಣಕ್ಕಿಂತ ಮೊದಲೇ ಶುರುವಾಗಿತ್ತು. ಹೊಲ ಬಿಟ್ಟು ಫ್ಯಾಕ್ಟರಿ, ಆಫೀಸು ಸೇರಿದವರಿಗೆ ಮಧ್ಯಾಹ್ನದ ಲೀಟರ್ ಬೇಕಿರಲಿಲ್ಲ. ಕಮ್ಮಿ ಕುಡಿ, ಒಳ್ಳೇದು ಕುಡಿ ಅನ್ನೋದು ರೂಢಿಯಾಯಿತು. ಒಳ್ಳೇದಕ್ಕೆ ದುಡ್ಡು ಇಲ್ಲದವರ ಗತಿ ಏನು ಅಂತ ಮೇಳದಲ್ಲಿ ಯಾರೂ ಮಾತಾಡಲ್ಲ.

ಅಪರಾಧಿಗಳಿಗೆ ಜೈಲಾಯಿತು. ಸತ್ತವರ ಮನೆಯವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದರು.

ವಿಷದ ಬಾಟಲಿಗಳ ಮೇಲಿದ್ದ ಹೆಸರು ಬಾರ್ಬೆರಾ. ಅದು ಪೀಡ್‌ಮಾಂಟ್‌ನ ಬಡವರ ದ್ರಾಕ್ಷಿ, ದಿನನಿತ್ಯದ ವೈನ್. ಹಗರಣದ ನಂತರ ಆ ಹೆಸರು ಕೇಳಿದರೇ ಜನ ಹೆದರುತ್ತಿದ್ದರು. ಅದೇ ದ್ರಾಕ್ಷಿಯ ಬಾರ್ಬೆರಾ ದಾಸ್ತಿಗೆ 2008ರಲ್ಲಿ ಡಿಒಸಿಜಿ ಮಾನ್ಯತೆ ಬಂತು. ನಂಬರ್ ಇರುವ ಆ ಪಟ್ಟಿ ಅದರ ಕತ್ತಿಗೆ ಬೀಳೋಕೆ 22 ವರ್ಷ ಹಿಡಿಯಿತು.