ಬೆಳ್ಳಿಯ ಊರಿನ ಕಣಜ

ಮೆಕ್ಸಿಕೋ ನಗರದಿಂದ ವಾಯವ್ಯಕ್ಕೆ ಸುಮಾರು 350 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದ ಕಮರಿಯೊಂದರಲ್ಲಿ ಗ್ವಾನಹ್ವಾತೊ ನಗರವಿದೆ. ಮೂಲನಿವಾಸಿಗಳ ಪುರೇಪೆಚಾ ಭಾಷೆಯಲ್ಲಿ ಈ ಹೆಸರಿಗೆ ‘ಕಪ್ಪೆಗಳ ಗುಡ್ಡ’ ಎಂಬರ್ಥವಂತೆ. ಊರೊಳಗೆ ಬರುವ ಬಸ್ಸು, ಕಾರುಗಳು ನೆಲದಡಿಯ ಸುರಂಗಗಳನ್ನು ಹಾದೇ ಬರಬೇಕು. ಒಂದು ಕಾಲಕ್ಕೆ ಆ ಹಾದಿಯಲ್ಲಿ ನದಿ ಹರಿಯುತ್ತಿತ್ತು. ನದಿ ಉಕ್ಕಿದಾಗಲೆಲ್ಲ ಊರು ಮುಳುಗುತ್ತಿತ್ತು. 1905ರ ಪ್ರವಾಹವಂತೂ ಭೀಕರವಾಗಿತ್ತು. ಕೊನೆಗೆ ನೀರನ್ನು ಬೇರೆಡೆಗೆ ತಿರುಗಿಸಿ, 1960ರ ದಶಕದಲ್ಲಿ ಹಳೆಯ ನದಿಪಾತ್ರವನ್ನೇ ರಸ್ತೆಯನ್ನಾಗಿ ಮಾಡಲಾಯಿತು. ನೂರಾರು ವರ್ಷ ಗಣಿ ಅಗೆದ ಊರಿಗೆ ಸುರಂಗ ಕೊರೆಯುವುದೇನೂ ಹೊಸ ವಿದ್ಯೆಯಾಗಿರಲಿಲ್ಲ.

ಸುರಂಗದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಕೆಂಪು, ಹಳದಿ, ನೀಲಿ ಬಣ್ಣದ ಮನೆಗಳು ಬೆಟ್ಟದ ಮೈಗೆ ಅಂಟಿಕೊಂಡಂತೆ ನಿಂತಿವೆ. ಪ್ರವಾಸಿಗಳಿಗೆ ಇಲ್ಲಿ ನೋಡಲು ಬೇಕಾದಷ್ಟಿದೆ. ಎದುರು ಮನೆಗಳ ಉಪ್ಪರಿಗೆಯಿಂದ ಒಬ್ಬರನ್ನೊಬ್ಬರು ಮುಟ್ಟಬಹುದಾದಷ್ಟು ಕಿರಿದಾದ ‘ಮುತ್ತಿನ ಓಣಿ’, ಸ್ಮಶಾನದಲ್ಲಿ ಕೊಳೆಯದೆ ಒಣಗಿ ಉಳಿದ ಶವಗಳ ಸಂಗ್ರಹಾಲಯ, ಚಿತ್ರಕಾರ ದಿಯೇಗೊ ರಿವೇರಾ 1886ರಲ್ಲಿ ಹುಟ್ಟಿದ ಮನೆ. 1988ರಲ್ಲಿ ಯುನೆಸ್ಕೋ ಈ ನಗರವನ್ನೂ ಅದರ ಗಣಿಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಊರಿನ ಕಥೆಯನ್ನು ಅರಿಯಬೇಕೆನ್ನುವವರು ನೋಡಲೇಬೇಕಾದದ್ದು ಅಷ್ಟೇನೂ ಅಂದವಿಲ್ಲದ ಒಂದು ಕಟ್ಟಡವನ್ನು. ದಪ್ಪ ಗೋಡೆ, ಎತ್ತರದಲ್ಲಿ ಸಾಲಾಗಿ ಪುಟ್ಟ ಕಿಟಕಿಗಳು, ಚೌಕಟ್ಟಾದ ಆಕಾರ. ಕೋಟೆಯೋ ಜೈಲೋ ಎನ್ನುವಂತಿದೆ. ಆದರೆ ಕಟ್ಟಿದ್ದು ಜೋಳ ತುಂಬಲು. ‘ಅಲೋಂದಿಗ ದೆ ಗ್ರಾನದೀತಸ್’ ಎಂದು ಹೆಸರಾದ ಇದು ನಗರದ ಸಾರ್ವಜನಿಕ ಕಣಜ.

ಬೆಳ್ಳಿ ಅಗೆಯುವ ಊರಿಗೆ ಇಷ್ಟು ದೊಡ್ಡ ಕಣಜ ಏಕೆ ಬೇಕಾಯಿತು? ಅದಕ್ಕೆ ಉತ್ತರ ಬೆಟ್ಟದ ಒಡಲಿನಲ್ಲಿದೆ.

ಸ್ಪೇನ್ ದೇಶದವರಿಗೆ ಇಲ್ಲಿ ಬೆಳ್ಳಿಯ ಸುಳಿವು ಸಿಕ್ಕಿದ್ದು 16ನೇ ಶತಮಾನದ ನಡುವೆ. ‘ತಾಯಿ ಸಾಲು’ ಎಂದು ಅವರು ಕರೆದ ಅದಿರಿನ ಪದರ ಬೆಟ್ಟದುದ್ದಕ್ಕೂ ಹಬ್ಬಿತ್ತು. ಅದಿರೇನೋ ಹೇರಳ, ಆದರೆ ಅದರೊಳಗಿನ ಬೆಳ್ಳಿಯ ಅಂಶ ಅಲ್ಪ. ಕುಲುಮೆಯಲ್ಲಿ ಕರಗಿಸಿ ತೆಗೆದರೆ ಸೌದೆಯ ಖರ್ಚೂ ಹುಟ್ಟುತ್ತಿರಲಿಲ್ಲ. ಈ ತೊಡಕನ್ನು ಬಿಡಿಸಿದವನು ಬಾರ್ತೊಲೊಮೆ ದೆ ಮೆದೀನಾ ಎಂಬ ಸೆವಿಲ್ ನಗರದ ವ್ಯಾಪಾರಿ. ಮೆಕ್ಸಿಕೋದ ಇನ್ನೊಂದು ಗಣಿಯೂರಾದ ಪಚುಕದಲ್ಲಿ 1554-55ರ ಸುಮಾರಿಗೆ ಪಾದರಸದಿಂದ ಬೆಳ್ಳಿ ತೆಗೆಯುವ ‘ಅಂಗಳದ ವಿಧಾನ’ವನ್ನು ಅವನು ಬಳಕೆಗೆ ತಂದ.

ಈ ವಿಧಾನ ನಮ್ಮ ಹಳ್ಳಿಗಳ ಕಣವನ್ನು ನೆನಪಿಸುತ್ತದೆ. ಅದಿರನ್ನು ನೀರು ಹಾಕಿ ನುಣ್ಣಗೆ ಅರೆದು, ಕಲ್ಲು ಹಾಸಿದ ವಿಶಾಲ ಅಂಗಳದಲ್ಲಿ ಕೆಸರಿನಂತೆ ಹರಡುತ್ತಿದ್ದರು. ಅದಕ್ಕೆ ಉಪ್ಪು, ತಾಮ್ರದ ಲವಣ ಮತ್ತು ಪಾದರಸ ಬೆರೆಸಿ, ಒಕ್ಕಣೆಗೆ ಎತ್ತು ತುಳಿಸುವಂತೆ ಹೇಸರಗತ್ತೆಗಳಿಂದ ವಾರಗಟ್ಟಲೆ ತುಳಿಸುತ್ತಿದ್ದರು. ಬೆಳ್ಳಿ ಪಾದರಸದೊಡನೆ ಕೂಡಿಕೊಳ್ಳುತ್ತಿತ್ತು. ಕೆಸರನ್ನು ತೊಳೆದು, ಉಳಿದ ಮುದ್ದೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಬೆಳ್ಳಿ ಉಳಿಯುತ್ತಿತ್ತು. ಆ ಆವಿ, ಆ ಕೆಸರು ಮನುಷ್ಯರನ್ನೂ ಪ್ರಾಣಿಗಳನ್ನೂ ನಂಜಾಗಿ ಕಾಡಿದ್ದು ಬೇರೆಯೇ ಕಥೆ.

ಪಾದರಸದ ಬಹುಪಾಲು ಸ್ಪೇನಿನ ಅಲ್ಮದೆನ್ ಗಣಿಯಿಂದ ಹಡಗಿನಲ್ಲಿ ಬರಬೇಕಿತ್ತು. ಅದರ ಮಾರಾಟ ದೊರೆಯ ಏಕಸ್ವಾಮ್ಯ. ಯಾವ ಗಣಿಗೆ ಎಷ್ಟು ಪಾದರಸ ಹೋಯಿತು ಎಂದು ತಿಳಿದರೆ ಎಷ್ಟು ಬೆಳ್ಳಿ ಬರಬೇಕೆಂಬ ಅಂದಾಜು ಖಜಾನೆಗೆ ಸಿಗುತ್ತಿತ್ತು. ತೆರಿಗೆ ತಪ್ಪಿಸಿಕೊಳ್ಳುವುದು ಸುಲಭವಿರಲಿಲ್ಲ. 18ನೇ ಶತಮಾನದ ಉತ್ತರಾರ್ಧದಲ್ಲಿ ದೊರೆ ಪಾದರಸದ ಬೆಲೆಯನ್ನು ಇಳಿಸಿದಾಗ ಗಣಿಗಳು ಒಮ್ಮೆಲೇ ಚಿಗುರಿದವು.

ಅದೇ ಕಾಲಕ್ಕೆ ಗ್ವಾನಹ್ವಾತೊದ ಅದೃಷ್ಟ ತೆರೆಯಿತು. ಅಂತೋನಿಯೋ ದೆ ಒಬ್ರೆಗೊನ್ ಎಂಬಾತ ಇತರರು ಕೈಬಿಟ್ಟಿದ್ದ ಜಾಗದಲ್ಲಿ ವರ್ಷಗಟ್ಟಲೆ ಸಾಲದ ಮೇಲೆ ಸಾಲ ಮಾಡಿ ಅಗೆಸಿ, 1760ರ ದಶಕದ ಕೊನೆಗೆ ಅಪಾರ ಬೆಳ್ಳಿಯನ್ನು ಮುಟ್ಟಿದ. ಅದೇ ವಾಲೆನ್ಸಿಯಾನ ಗಣಿ. ಸಾಲಗಾರ ‘ವಾಲೆನ್ಸಿಯಾನದ ಕೌಂಟ್’ ಆದ. ಗಣಿಯ ಬಾಯಿಯ ಬಳಿಯೇ ಕಟ್ಟಿಸಿದ ಸಾನ್ ಕಯೆತಾನೊ ಚರ್ಚು 1788ರಲ್ಲಿ ಸಿದ್ಧವಾಯಿತು. ಅದರೊಳಗಿನ ಚಿನ್ನದ ರೇಕಿನ ಕೆತ್ತನೆ ಇಂದಿಗೂ ಕಣ್ಣು ಕೋರೈಸುತ್ತದೆ. ಗಾರೆಗೆ ಬೆಳ್ಳಿಯ ಪುಡಿ, ದ್ರಾಕ್ಷಾರಸ ಬೆರೆಸಿದ್ದರೆಂದು ಸ್ಥಳೀಯರು ಹೇಳುತ್ತಾರೆ. ನಂಬುವುದು ಬಿಡುವುದು ಕೇಳುವವರಿಗೆ ಬಿಟ್ಟದ್ದು.

1803ರಲ್ಲಿ ಇಲ್ಲಿಗೆ ಬಂದ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಗಣಿಯೊಳಗೆ ಇಳಿದು ಎಲ್ಲವನ್ನೂ ಅಳೆದು ಬರೆದುಕೊಂಡ. ಅವನ ಲೆಕ್ಕದಂತೆ ಆಗಿನ ಮೆಕ್ಸಿಕೋದ ಬೆಳ್ಳಿಯಲ್ಲಿ ಸುಮಾರು ಕಾಲು ಭಾಗ ಗ್ವಾನಹ್ವಾತೊದ್ದೇ. ಸುತ್ತಲ ಗಣಿವಸತಿಗಳನ್ನೂ ಸೇರಿಸಿದರೆ ಊರಿನ ಜನಸಂಖ್ಯೆ 70 ಸಾವಿರ. ಅವನನ್ನು ಬೆರಗುಗೊಳಿಸಿದವರು ಅದಿರು ಹೊರುವ ಕೂಲಿಗಳು. 100 ಕೆ.ಜಿ.ಗೂ ಮೀರಿದ ಹೊರೆಯನ್ನು ಬೆನ್ನ ಮೇಲೆ ಹೊತ್ತು, ಸೆಕೆಯಲ್ಲಿ, ಸಾವಿರಾರು ಮೆಟ್ಟಿಲುಗಳನ್ನು ದಿನಕ್ಕೆ ಹಲವು ಸಲ ಅವರು ಹತ್ತಿ ಇಳಿಯುತ್ತಿದ್ದರು. ಈ ಕೂಲಿಗಳು ಗುಲಾಮರಲ್ಲ, ಕೂಲಿಗಾಗಿ ತಾವಾಗಿ ಬಂದವರು ಎಂಬುದನ್ನೂ ಹಂಬೋಲ್ಟ್ ದಾಖಲಿಸಿದ್ದಾನೆ. ಪೆರುವಿನ ಬಿಟ್ಟಿ ದುಡಿಮೆಗೆ ಹೋಲಿಸಿದರೆ ಇದು ನಿಜಕ್ಕೂ ದೊಡ್ಡ ವ್ಯತ್ಯಾಸ.

ಆದರೆ ಕೂಲಿ ಎಷ್ಟೇ ಇರಲಿ, ಅದರಲ್ಲಿ ಏನು ಕೊಳ್ಳಬಹುದು ಎಂಬುದು ಮುಖ್ಯ. ಕಮರಿಯ ಊರಿನಲ್ಲಿ ಬೆಳೆಯುವ ನೆಲವಿರಲಿಲ್ಲ. ತಿನ್ನುವ ಮೆಕ್ಕೆಜೋಳವೆಲ್ಲ ಕೆಳಗಿನ ಬಹೀಯೊ ಬಯಲಿನಿಂದ ಹೇಸರಗತ್ತೆಗಳ ಮೇಲೆ ಬರಬೇಕು. ಆ ಹೇಸರಗತ್ತೆಗಳಿಗೂ, ಅಂಗಳದಲ್ಲಿ ಕೆಸರು ತುಳಿಯುವ ಹೇಸರಗತ್ತೆಗಳಿಗೂ ಅದೇ ಜೋಳ. ಮಳೆ ಕೈಕೊಟ್ಟರೆ ಗಣಿಯೂ ಅಡುಗೆಮನೆಯೂ ಒಟ್ಟಿಗೇ ತಣ್ಣಗಾಗುತ್ತಿದ್ದವು. 1785ರಲ್ಲಿ ಆದದ್ದು ಅದೇ. ಮಳೆಯ ಕೊರತೆಯ ಬೆನ್ನಿಗೆ ಆಗಸ್ಟ್ ತಿಂಗಳಲ್ಲೇ ಹಿಮ ಬಿದ್ದು ಜೋಳ ಸುಟ್ಟುಹೋಯಿತು. ಮರುವರ್ಷವನ್ನು ಮೆಕ್ಸಿಕೋದ ಇತಿಹಾಸ ‘ಹಸಿವಿನ ವರ್ಷ’ ಎಂದೇ ಕರೆಯುತ್ತದೆ. ಹಸಿವೆಯಿಂದಲೂ ಅದರ ಹಿಂದೆ ಬಂದ ರೋಗಗಳಿಂದಲೂ ಅಸಂಖ್ಯ ಜನ ಸತ್ತರು.

ಗಣಿಯ ಜನರಿಗೂ ಸರಕಾರಕ್ಕೂ ಹಳೆಯ ಜಗಳವೂ ಇತ್ತು. ಕೂಲಿಯ ಜತೆಗೆ ಅದಿರಿನಲ್ಲೂ ಒಂದು ಪಾಲು ಪಡೆಯುವುದು ಗಣಿ ಕಾರ್ಮಿಕರ ರೂಢಿಯ ಹಕ್ಕು. ಪಚುಕದ ಬಳಿಯ ರಿಯಲ್ ದೆಲ್ ಮೊಂತೆಯಲ್ಲಿ ಮಾಲೀಕ ಈ ಪಾಲಿಗೆ ಕೈಹಾಕಿದಾಗ 1766ರಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅಮೆರಿಕ ಖಂಡದ ಮೊದಲ ಮುಷ್ಕರಗಳಲ್ಲಿ ಇದೊಂದು. ಮರುವರ್ಷ ಗ್ವಾನಹ್ವಾತೊದಲ್ಲಿ ಹೊಸ ತೆರಿಗೆಗಳ ವಿರುದ್ಧ, ಜೆಸ್ಯೂಟ್ ಪಾದ್ರಿಗಳ ಗಡೀಪಾರಿನ ವಿರುದ್ಧ ದಂಗೆಯೆದ್ದಿತು. ದೊರೆಯ ಪ್ರತಿನಿಧಿ ಹೊಸೆ ದೆ ಗಾಲ್ವೆಸ್ ಹಲವರನ್ನು ಗಲ್ಲಿಗೇರಿಸಿ ಅದನ್ನು ಅಡಗಿಸಿದ.

ಇಂಥ ಊರಿಗೆ 1792ರಲ್ಲಿ ಆಡಳಿತಾಧಿಕಾರಿಯಾಗಿ ಬಂದವನು ಹುವಾನ್ ಅಂತೋನಿಯೋ ರಿಯಾನ್ಯೊ. ಓದಿಕೊಂಡವನು, ದಕ್ಷ, ಪ್ರಾಮಾಣಿಕ ಎಂದು ವೈರಿಗಳೂ ಒಪ್ಪುತ್ತಿದ್ದರು. ಹಸಿವಿನ ವರ್ಷ ಮರುಕಳಿಸಬಾರದೆಂದು ದೊಡ್ಡ ಕಣಜವೊಂದನ್ನು ಕಟ್ಟಿಸಲು ಅವನು ನಿರ್ಧರಿಸಿದ. 1798ರಲ್ಲಿ ಆರಂಭವಾದ ಕೆಲಸ 1809ರಲ್ಲಿ ಮುಗಿಯಿತು. ದೋಲೊರೆಸ್ ಊರಿನ ಪಾದ್ರಿ, ದ್ರಾಕ್ಷಿ ತೋಟ, ರೇಷ್ಮೆ ಹುಳು, ಮಡಕೆ ಕೆಲಸ ಎಂದು ಜನರಿಗೆ ಕಸುಬು ಕಲಿಸುತ್ತಿದ್ದ ಮಿಗೆಲ್ ಹಿದಾಲ್ಗೊ ಅವನಿಗೆ ಪರಿಚಿತ. ಅವನ ಮನೆಗೆ ಬಂದು ಹೋಗುತ್ತಿದ್ದವನು.

ಕಣಜ ಮುಗಿಯುವ ಹೊತ್ತಿಗೆ ಮತ್ತೆ ಬರ ಬಂದಿತ್ತು. ಜೋಳದ ಬೆಲೆ ಗಗನಕ್ಕೇರಿತ್ತು. 1810ರ ಸೆಪ್ಟೆಂಬರ್ 16ರಂದು ಹಿದಾಲ್ಗೊ ದೋಲೊರೆಸ್‌ನಲ್ಲಿ ಚರ್ಚಿನ ಗಂಟೆ ಬಾರಿಸಿ ದಂಗೆಗೆ ಕರೆಕೊಟ್ಟ. ಕೆಲವೇ ದಿನಗಳಲ್ಲಿ ಸಾವಿರಾರು ರೈತರು, ಕೂಲಿಗಳು ಅವನ ಹಿಂದೆ ಹೊರಟರು.

ಸುದ್ದಿ ತಿಳಿದ ರಿಯಾನ್ಯೊ ಮೊದಲು ಊರನ್ನೇ ಕಾಯಲು ಬೀದಿಗಳಿಗೆ ಅಡ್ಡಗಟ್ಟೆ ಹಾಕಿಸಿದ. ಆಮೇಲೆ ಮನಸ್ಸು ಬದಲಿಸಿದ. ಸೆಪ್ಟೆಂಬರ್ 24ರ ರಾತ್ರಿ ಸೈನಿಕರು, ಶ್ರೀಮಂತ ಸ್ಪೇನಿಗರು, ಖಜಾನೆಯ ಬೆಳ್ಳಿಗಟ್ಟಿ, ಹಣ, ಪಾದರಸ, ಕಾಗದಪತ್ರ ಎಲ್ಲವೂ ಸದ್ದಿಲ್ಲದೆ ಕಣಜದೊಳಗೆ ಸೇರಿದವು. ಒಳಗೆ ದೀರ್ಘ ಮುತ್ತಿಗೆಯನ್ನು ತಡೆದುಕೊಳ್ಳುವಷ್ಟು ಜೋಳವಿತ್ತು. ಬೆಳಗೆದ್ದ ಊರಿಗೆ ಕಂಡದ್ದು ಮುಚ್ಚಿದ ಬಾಗಿಲು. ಬಡವರ ಹಸಿವಿಗೆಂದು ಕಟ್ಟಿದ ಕಣಜದಲ್ಲಿ ಬಲ್ಲಿದರು ತಮ್ಮ ಬೆಳ್ಳಿಯೊಂದಿಗೆ ಕೂತಿದ್ದರು; ಊರು ಹೊರಗಿತ್ತು. ಸೈನಿಕ ದೃಷ್ಟಿಯಿಂದ ರಿಯಾನ್ಯೊನ ಲೆಕ್ಕ ಸರಿಯಿದ್ದಿರಬಹುದು. ಆದರೆ ಆ ಒಂದು ರಾತ್ರಿಯಲ್ಲಿ ಅವನು ಊರನ್ನು ಕಳೆದುಕೊಂಡ. 26ರಂದು ಕೆಳವರ್ಗದವರ ಮೇಲಿನ ತಲೆಗಂದಾಯವನ್ನು ರದ್ದುಗೊಳಿಸಿದ್ದೇನೆಂದು ಡಂಗುರ ಹೊಡೆಸಿದ. ಭಯಕ್ಕೆ ಕೊಟ್ಟದ್ದು ಎಂದು ಜನ ನಕ್ಕರು.

ಸೆಪ್ಟೆಂಬರ್ 28ರಂದು ಹಿದಾಲ್ಗೊನ ಪಡೆ ಬಂತು. ಶರಣಾದರೆ ಜೀವಕ್ಕೆ ಅಪಾಯವಿಲ್ಲವೆಂದು ಪಾದ್ರಿ ಬರೆದು ಕಳಿಸಿದ ಪತ್ರವನ್ನು ರಿಯಾನ್ಯೊ ನಿರಾಕರಿಸಿದ. ಊರಿನ ಬಡವರೂ ಗಣಿಗಳ ಕೂಲಿಗಳೂ ದಂಗೆಕೋರರ ಜತೆ ಸೇರಿಕೊಂಡರು. ವಾಲೆನ್ಸಿಯಾನ ಗಣಿಯ ಆಡಳಿತ ನೋಡುತ್ತಿದ್ದ ಕಸಿಮೀರೊ ಚೊವೆಲ್ ಕೂಡ ಆ ಪಕ್ಷಕ್ಕೆ ಬಂದ. ಸುತ್ತಲ ಗುಡ್ಡಗಳಿಂದ ಕವಣೆಕಲ್ಲಿನ ಮಳೆ ಸುರಿಯಿತು. ರಿಯಾನ್ಯೊ ಕಾಳಗದ ಆರಂಭದಲ್ಲೇ ಗುಂಡೇಟಿಗೆ ಬಿದ್ದ. ಒಳಗಿನವರು ಪಾದರಸ ತುಂಬಿ ಬರುತ್ತಿದ್ದ ಕಬ್ಬಿಣದ ಸೀಸೆಗಳಿಗೆ ಮದ್ದು ತುಂಬಿ ಬಾಂಬಿನಂತೆ ಕೆಳಗೆ ಎಸೆದರು. ಬೆಳ್ಳಿ ತೆಗೆಯಲು ಬಂದ ಸೀಸೆ ಬೆಳ್ಳಿ ಹೊರುವವರ ಮೇಲೆ ಸಿಡಿಯಿತು.

ಬಾಗಿಲು ಮುರಿದ ಕಥೆಯನ್ನು ಮೆಕ್ಸಿಕೋದ ಮಕ್ಕಳೆಲ್ಲ ಬಲ್ಲರು. ‘ಪಿಪಿಲ’ ಎಂಬ ಅಡ್ಡಹೆಸರಿನ ಗಣಿ ಕೂಲಿಯೊಬ್ಬ ಚಪ್ಪಡಿ ಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು, ಗುಂಡುಗಳ ನಡುವೆ ತೆವಳುತ್ತ ಹೋಗಿ, ಮರದ ಬಾಗಿಲಿಗೆ ಬೆಂಕಿ ಹಚ್ಚಿದನಂತೆ. ಅಂಥವನೊಬ್ಬ ನಿಜವಾಗಿಯೂ ಇದ್ದನೇ ಎಂದು ಇತಿಹಾಸಕಾರರು ವಾದಿಸುತ್ತಲೇ ಇದ್ದಾರೆ. ಇದ್ದಿದ್ದರೂ ಅಚ್ಚರಿಯಿಲ್ಲ, ದಿನವೂ ಬೆನ್ನ ಮೇಲೆ ಕಲ್ಲು ಹೊತ್ತು ಬದುಕಿದವರಿಗೆ ಅದು ಪರಿಚಿತ ಕೆಲಸ. ಊರಿನ ಮೇಲಿನ ಬೆಟ್ಟದಲ್ಲಿ ಅವನ ಭಾರೀ ಪ್ರತಿಮೆ ಪಂಜು ಎತ್ತಿ ನಿಂತಿದೆ.

ಬಾಗಿಲು ಬಿದ್ದ ಮೇಲೆ ನಡೆದದ್ದನ್ನು ಪ್ರತಿಮೆ ಹೇಳುವುದಿಲ್ಲ. ಒಳಗಿದ್ದವರಲ್ಲಿ ಬಹುಮಂದಿಯನ್ನು, ಶರಣಾದವರನ್ನೂ ಬಿಡದೆ ಕೊಂದರು. ಬೆಳ್ಳಿಯ ಜತೆಗೆ ಜೋಳವೂ ಲೂಟಿಯಾಯಿತು. ಊರಿನ ಅಂಗಡಿಗಳೂ ಉಳಿಯಲಿಲ್ಲ. ಆಗ ಹದಿಹರೆಯದವನಾಗಿದ್ದ ಲುಕಾಸ್ ಅಲಮಾನ್ ಇದನ್ನೆಲ್ಲ ಕಣ್ಣಾರೆ ಕಂಡು, ಮುಂದೆ ದೇಶದ ಇತಿಹಾಸ ಬರೆದಾಗ ಕಹಿಯನ್ನು ಮರೆಯಲಿಲ್ಲ. ಹಿದಾಲ್ಗೊಗೆ ಬೆಂಬಲ ನೀಡಬಹುದಾಗಿದ್ದ ಎಷ್ಟೋ ಉಳ್ಳವರು ಈ ಕೊಲೆಗಳನ್ನು ಕೇಳಿ ಹಿಂಜರಿದರು. ನವೆಂಬರಿನಲ್ಲಿ ದೊರೆಯ ಸೇನಾನಿ ಕಾಯೆಹಾ ಊರನ್ನು ಮರಳಿ ಹಿಡಿದು ಬೀದಿಗಳಲ್ಲಿ ಗಲ್ಲುಗಂಬ ನೆಡಿಸಿದ. ಚೊವೆಲ್ ಗಲ್ಲಿಗೇರಿದವರಲ್ಲಿ ಒಬ್ಬ.

1811ರ ಜುಲೈ 30ರಂದು ಹಿದಾಲ್ಗೊಗೆ ದೂರದ ಚಿವಾವಾದಲ್ಲಿ ಮರಣದಂಡನೆಯಾಯಿತು. ಅವನ ಮತ್ತು ಅವನ ಸಂಗಡಿಗರಾದ ಅಯೆಂದೆ, ಅಲ್ದಾಮಾ, ಹಿಮೆನೆಸ್ ಇವರ ತಲೆಗಳನ್ನು ಗ್ವಾನಹ್ವಾತೊಗೆ ತಂದು, ಕಬ್ಬಿಣದ ಪಂಜರಗಳಲ್ಲಿಟ್ಟು, ಕಣಜದ ನಾಲ್ಕು ಮೂಲೆಗಳಿಗೆ ತೂಗುಹಾಕಿದರು. 1821ರಲ್ಲಿ ಸ್ವಾತಂತ್ರ್ಯ ಬರುವವರೆಗೆ, ಹತ್ತು ವರ್ಷ, ಅವು ಅಲ್ಲೇ ಇದ್ದವು.

ಯುದ್ಧ ಮುಗಿಯುವ ಹೊತ್ತಿಗೆ ಗಣಿಗಳಲ್ಲಿ ನೀರು ತುಂಬಿತ್ತು. ನೀರೆತ್ತಲು ಹಬೆಯಂತ್ರ ಹೊತ್ತು ಇಂಗ್ಲಿಷ್ ಕಂಪನಿಗಳು 1820ರ ದಶಕದಲ್ಲಿ ಬಂದವು. ರಿಯಲ್ ದೆಲ್ ಮೊಂತೆಯ ಗಣಿಗಳಿಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಗಣಿಗಾರರನ್ನು ಕಳಿಸಿದ ಜಾನ್ ಟೇಲರ್, ಮುಂದೆ ನಮ್ಮ ಕೋಲಾರ ಚಿನ್ನದ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಮೂಲಪುರುಷ. ಮೆಕ್ಸಿಕೋದಲ್ಲಿ ಆ ಇಂಗ್ಲಿಷ್ ಕಂಪನಿ ನಷ್ಟದಲ್ಲಿ ಮುಳುಗಿ 1849ರಲ್ಲಿ ಗಣಿಗಳನ್ನು ಮಾರಿ ಹೋಯಿತು.

ಅಲೋಂದಿಗ ಕಣಜವಾಗಿ ಬಾಳಿದ್ದು ಅಲ್ಪಕಾಲ. ಬಹಳ ವರ್ಷ ಅದು ಜೈಲಾಗಿತ್ತು. ಈಗ ವಸ್ತುಸಂಗ್ರಹಾಲಯ. ಮೆಟ್ಟಿಲಿನ ಗೋಡೆಗಳ ಮೇಲೆ ಹೊಸೆ ಚಾವೆಸ್ ಮೊರಾದೊ ಬರೆದ ದೊಡ್ಡ ಚಿತ್ರಗಳಿವೆ. ಹೊರಗಿನ ನಾಲ್ಕು ಮೂಲೆಗಳಲ್ಲಿ ನಾಲ್ವರ ಹೆಸರುಗಳನ್ನು ಕೆತ್ತಲಾಗಿದೆ. ಪಂಜರ ತೂಗಿದ ಕೊಕ್ಕೆಗಳನ್ನು ಯಾರೂ ತೆಗೆದಿಲ್ಲ.