ನೊಗದಿಂದ ಮೂರು ಪಿನ್ನಿನವರೆಗೆ

ಸಂಘದ ಠೇವು, ಸಾಲ, ಲಾಭಾಂಶದ ಬಗ್ಗೆ ಬಲ್ಲವರು ಬರೆದಿದ್ದಾರೆ. ನಾವು ಒಕ್ಕಲುತನದವರು. ಮುಂಗಾರಿ ಮುಗಿದು ಹಿಂಗಾರಿ ಬರುವಾಗ ಹೊಲದ ಸಾಮಾನು ಬದಲಿಸುವ ಪದ್ಧತಿ ನಮ್ಮ ಸೀಮಿಯೊಳಗ ಹ್ಯಾಂಗ ನಡೆದು ಬಂತು ಅನ್ನುವುದನ್ನು ತಿಳಿದಮಟ್ಟಿಗೆ ಬರೆಯುತ್ತೇವೆ. ಇದೇನು ದೊಡ್ಡ ಇತಿಹಾಸ ಅಂತ ಯಾರಾದರೂ ನಕ್ಕಾರು. ಉತ್ತರಿ ಮಳಿ ಬಿದ್ದ ಮ್ಯಾಲ ಬಾಡಿಗಿ ಟ್ರ್ಯಾಕ್ಟರಿನ ಹಾದಿ ಕಾಯ್ದು ಹದ ಕಳಕೊಂಡವರು ನಗಲಿಕ್ಕಿಲ್ಲ.

ನಮ್ಮ ಕಡೆ ಮಸಾರಿಯೂ ಉಂಟು, ಎರಿಯೂ ಉಂಟು. ಮಸಾರಿಗೆ ರೋಹಿಣಿ, ಮಿರಗದ ಮಳಿಗೆ ಬಿತ್ತಿಗಿ: ಹೆಸರು, ಸಜ್ಜಿ, ಶೇಂಗಾ, ತೊಗರಿ. ಎರಿ ಹೊಲ ಮಾತ್ರ ಮಳಿಗಾಲವೆಲ್ಲ ಖಾಲಿ ಬಿದ್ದು ನೀರು ಕುಡಿಯುತ್ತದೆ. ಆಗಾಗ ಹರಗಿ ಕಸ ತೆಗೆದು, ಸಪ್ಟೆಂಬರದ ಉತ್ತರಿಯಿಂದ ಅಕ್ಟೋಬರದ ಚಿತ್ತಿಯೊಳಗ ಬಿಳಿಜೋಳ, ಕಡ್ಲಿ, ಕುಸುಬಿ ಬಿತ್ತಬೇಕು. ಎರಡೂ ನಮೂನಿ ಹೊಲ ಇದ್ದವನಿಗೆ ಭಾದ್ರಪದದಾಗ ಒಂದು ಕಡೆ ಹೆಸರು ಕಿತ್ತ ಹೊಲ ಹರಗುವುದು, ಇನ್ನೊಂದು ಕಡೆ ಜೋಳ ಬಿತ್ತುವುದು ಕೂಡಿಯೇ ಬರುತ್ತದೆ. ಹದ ನಾಲ್ಕೈದು ದಿನ ನಿಂತರೆ ದೊಡ್ಡದು.

ನಮ್ಮ ಹಿರಿಯರಿಗೆ ಈ ಬದಲಾವಣೆ ಅಷ್ಟು ತ್ರಾಸು ಆಗುತ್ತಿರಲಿಲ್ಲ. ರಂಟಿ, ಕುಂಟಿ, ಕೂರಿಗಿ, ಎಡಿಕುಂಟಿ ಎಲ್ಲವೂ ಅದೇ ನೊಗಕ್ಕೆ, ಅದೇ ಮಿಣಿಗೆ ಕೂಡುತ್ತಿದ್ದವು. ಮುಂಜಾನೆ ಹರಗಿದ ಎತ್ತು ಮಧ್ಯಾಹ್ನ ಬಿತ್ತುತ್ತಿದ್ದವು. ಕೂರಿಗಿಯಂತೂ ನೋಡಲಿಕ್ಕೆ ಸಾದಾ ಕಟ್ಟಿಗಿ ಸಾಮಾನು, ಆದರೆ ಅದರೊಳಗಿನ ಯುಕ್ತಿ ದೊಡ್ಡದು. ಮ್ಯಾಲೆ ಬಟ್ಟಲು, ಬಟ್ಟಲಿನಿಂದ ಪ್ರತಿ ತಾಳಿಗೆ ಒಂದು ಬಿದಿರ ಕೊಳವಿ. ಹೆಣ್ಣುಮಗಳು ಉಡಿಯೊಳಗಿನ ಬೀಜವನ್ನು ಮುಷ್ಟಿಯಿಂದ ಸಮನಾಗಿ ಬಿಡುತ್ತ ಹಿಂದ ನಡೆದರೆ ಸಾಲಿನ ಅಂತರ ತಪ್ಪುತ್ತಿರಲಿಲ್ಲ. ಸಾಲು ಅಗಲ ಬೇಕಾದ ಬೆಳಿಗೆ ಬೇರೆ ಕೂರಿಗಿ. ಅಕ್ಕಡಿ ಹಾಕಬೇಕಾದರೆ ಒಂದು ತಾಳಿನ ತೂತು ಮುಚ್ಚಿ ಆ ಸಾಲಿಗೆ ಬೇರೆ ಬೀಜ. ಮಷೀನಿಗೆ ಇಷ್ಟನ್ನು ಕಲಿಸಲಿಕ್ಕೆ ಎಷ್ಟು ಹಲ್ಲುಗಾಲಿ ಬೇಕಾದವು ನೋಡ್ರಿ! ಕಾರಹುಣ್ಣಿಮೆಗೆ ಮೊದಲು ಒಮ್ಮೆ, ಗಣೇಶ ಚೌತಿ ಹೊತ್ತಿಗೆ ಇನ್ನೊಮ್ಮೆ ಬಡಿಗೇರ, ಕಂಬಾರರ ಮನಿ ಮುಂದೆ ಸಾಮಾನಿನ ಸಾಲು ಹತ್ತುತ್ತಿತ್ತು. ಕುಡ ಹಣಿಯುವುದು, ತಾಳು ಬದಲಿಸುವುದು ಎಲ್ಲ ಆಯದ ಮ್ಯಾಲ. ರೊಕ್ಕ ಆ ಹೊತ್ತಿಗೆ ಬೇಕಾಗಿರಲಿಲ್ಲ, ರಾಶಿಯೊಳಗ ಕಾಳು ಅಳೆದರೆ ಸಾಕು.

ಇದರರ್ಥ ಹಳೇ ಕಾಲ ಬಂಗಾರ ಅಂತಲ್ಲ. 1876ರಿಂದ 78ರ ಬರಗಾಲದಾಗ, ನಮ್ಮ ಸೀಮಿ ಕಲಾದಗಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಮೇವಿಲ್ಲದೆ ದನ ಸತ್ತವು, ಮಂದಿ ಸತ್ತರು. ಎತ್ತು ಹೋದ ಮನಿಗೆ ಮುಂದಿನ ವರ್ಷ ಮಳಿ ಬಂದರೂ ಬಿತ್ತಿಗಿ ಇಲ್ಲ. 1972ರ ಬರದಾಗಲೂ ಎತ್ತು ಮಾರಿದವರ ಕಥೆ ನಮ್ಮ ಹಿರಿಯರ ಬಾಯಲ್ಲಿ ಕೇಳಿದ್ದೇವೆ.

ಕಬ್ಬಿಣದ ನೇಗಿಲು ಬಂದದ್ದು ಮೊದಲನೇ ದೊಡ್ಡ ಬದಲಾವಣೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ಮೊದಮೊದಲು ರೈತರು ಕೊಳ್ಳಲಿಲ್ಲವಂತೆ. 1910ರಲ್ಲಿ ಅವರು ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಮೇಲೆ ಅದೇ ನೇಗಿಲು ದಖ್ಖಣದ ಊರೂರಿಗೆ ಹೋಯಿತು. ಕರಕಿ ಹತ್ತಿದ ಎರಿ ಹೊಲಕ್ಕೆ ಭಾರಿ ನೇಗಿಲು ಹೂಡಲು ನಾಲ್ಕರಿಂದ ಎಂಟು ಎತ್ತು ಬೇಕು. ಒಬ್ಬನ ಕೊಟ್ಟಿಗಿಯೊಳಗ ಎಂಟು ಎತ್ತು ಎಲ್ಲಿಂದ ಬರಬೇಕು? ನಾಲ್ಕು ಮನಿಯವರು ಕೂಡಿ ಮುಯ್ಯಿ ಮೇಲೆ ಹೊಡೆಯುತ್ತಿದ್ದರು. ಸಹಕಾರಿ ಕಾಯ್ದೆ ಬಂದದ್ದು 1904ರಲ್ಲಿ, ಪಕ್ಕದ ಗದಗ ಸೀಮಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ತೆರೆದದ್ದು 1905ರಲ್ಲಿ. ಎತ್ತು ಕೂಡಿಸುವ ಸಹಕಾರ ಅದಕ್ಕೂ ಹಳೇದು.

1933ರಲ್ಲಿ ವಿಜಾಪುರದಲ್ಲಿ ಒಣ ಬೇಸಾಯದ ಸಂಶೋಧನೆ ಶುರುವಾಯಿತು. (ಆಗ ನಾವೂ ವಿಜಾಪುರ ಜಿಲ್ಲೆಯವರೇ, ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ.) ಒಡ್ಡು ಹಾಕಿರಿ, ಕೆಲವು ವರ್ಷಕ್ಕೊಮ್ಮೆ ಆಳ ನೇಗಿಲು ಹೊಡೆಯಿರಿ, ಸಾಲು ಅಗಲ ಇಟ್ಟು ಬೀಜ ಕಡಿಮೆ ಹಾಕಿರಿ, ಮ್ಯಾಲಿಂದ ಮ್ಯಾಲ ಎಡೆ ಹೊಡೆಯಿರಿ ಅನ್ನುವುದು ಆ ಕಾಲದ ಒಣ ಬೇಸಾಯದ ಸಾರ. ಮಳಿಗಾಲದಾಗ ಎರಿ ಹೊಲಕ್ಕೆ ಚೌಕು ಮಡಿ ಮಾಡುವುದು ಮುಂದೆ ಬಂತು. ಇವೆಲ್ಲ ಒಂದೊಂದು ಸಾಮಾನು ಬೇಡುವ ಕೆಲಸಗಳು.

ಇನ್ನು ಟ್ರ್ಯಾಕ್ಟರ್. ಮೊದಲಿನ ಟ್ರ್ಯಾಕ್ಟರುಗಳು ನೇಗಿಲನ್ನು ಗಾಡಿಯಂತೆ ಹಿಂದಕ್ಕೆ ಕಟ್ಟಿ ಎಳೆಯುತ್ತಿದ್ದವು. ಕುಳ ಬಂಡೆಗೆ ತಾಗಿದರೆ ಮುಂದಿನ ಗಾಲಿ ಮ್ಯಾಲೆದ್ದು ಚಾಲಕನ ಮೇಲೆಯೇ ಮಗುಚುವ ಭಯ. ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯುಸನ್ 1926ರಲ್ಲಿ ಪೇಟೆಂಟ್ ಪಡೆದ ಯುಕ್ತಿಯಿಂದ ಕೆಳಗೆ ಎರಡು ತೋಳು, ಮೇಲೊಂದು ತೋಳು, ಎತ್ತಿ ಇಳಿಸಲು ಹೈಡ್ರಾಲಿಕ್ ಎಂಬ ಪದ್ಧತಿ ಬೆಳೆಯಿತು. 1939ರಲ್ಲಿ ಫೋರ್ಡ್ ಕಂಪನಿಯ ಟ್ರ್ಯಾಕ್ಟರಿಗೆ ಅದು ಕೂಡಿದ ಮೇಲೆ ಜಗತ್ತೇ ಅದನ್ನು ಹಿಡಿಯಿತು. ನಮ್ಮ ದೇಶದಲ್ಲಿ 1959ರಲ್ಲಿ ಐಷರ್, 1960ರಲ್ಲಿ ಮದ್ರಾಸಿನ ಟಾಫೆ, 1971ರಲ್ಲಿ ಎಚ್.ಎಂ.ಟಿ. ಬಂದವು. ಎಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗ ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ನೊಗ ಮಾಡುತ್ತಿದ್ದ ಕೆಲಸವನ್ನು ಈಗ ಮೂರು ಪಿನ್ನು ಮಾಡುತ್ತವೆ.

ಆದರೆ ಒಂದು ಫರಕು ಐತಿ. ನೊಗಕ್ಕೆ ಕೂಡುವ ಸಾಮಾನು ಪ್ರತಿ ಮನಿಯ ಪಡಸಾಲಿಯೊಳಗ ಇತ್ತು. ಮೂರು ಪಿನ್ನಿಗೆ ಕೂಡುವ ಪಲ್ಟಿ ನೇಗಿಲು, ಕಲ್ಟಿವೇಟರ್, ಕೂರಿಗಿ, ರೋಟಾವೇಟರ್, ಮಡಿ ಮಾಡುವ ಸಾಮಾನು ಎಲ್ಲವೂ ಒಬ್ಬ ರೈತನ ಹತ್ತಿರ ಇರುವುದಿಲ್ಲ. ಊರಲ್ಲಿ ಟ್ರ್ಯಾಕ್ಟರ್ ಹೆಚ್ಚಾದವು, ಹಿಂದಿನ ಸಾಮಾನು ಹೆಚ್ಚಾಗಲಿಲ್ಲ. ಹೀಗಾಗಿ ಇದ್ದ ರೋಟಾವೇಟರನ್ನೇ ಮುಂಗಾರಿಗೂ ಹಿಂಗಾರಿಗೂ ಓಡಿಸುತ್ತೇವೆ. ವರ್ಷಾ ವರ್ಷಾ ಅದನ್ನೇ ಹೊಡೆದರೆ ಮ್ಯಾಲಿನ ಮಣ್ಣು ಹಿಟ್ಟಾಗಿ ಕೆಳಗೆ ಗಟ್ಟಿ ಪದರು ಕಟ್ಟುತ್ತದೆ, ಎರಿಗೆ ಇಳಿಯಬೇಕಾದ ನೀರು ಹರಿದು ಹೋಗುತ್ತದೆ. ಒಣ ಹೊಲದ ಜೋಳಕ್ಕೆ ಆ ನೀರೇ ಬಂಡವಾಳ.

ದಾಳಿಂಬೆ, ಲಿಂಬಿ ತೋಟದವರಿಗೆ ಸಣ್ಣ ಟ್ರ್ಯಾಕ್ಟರ್ ಅನುಕೂಲವಾಗಿದೆ. ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಸ್ಥಾಪನೆಯಾಗಿ ಪವರ್ ಟಿಲ್ಲರ್ ತಂದಿತು, ಸಣ್ಣ ಟ್ರ್ಯಾಕ್ಟರ್ ಆಮೇಲೆ. ಗಿಡದ ಸಾಲಿನೊಳಗ ಹೋಗಿ ಕಸ ಹೊಡೆಯುವುದೂ ಅದೇ, ಔಷಧ ಸಿಂಪಡಿಸುವುದೂ ಅದೇ. ಇಲ್ಲೂ ಒಂದು ತೊಡಕು: ಸಣ್ಣದರ ಕೆಳಗಿನ ತೋಳಿನ ಪಿನ್ನು 22 ಮಿಲಿಮೀಟರ್, ದೊಡ್ಡದರದು ಸಾಮಾನ್ಯವಾಗಿ 28. ಬುಷ್ ಹಾಕದೆ ಕೂಡಿಸಿದರೆ ಸಾಮಾನು ಅಲುಗಾಡಿ ತೂತು ಹರಿಯುತ್ತದೆ.

2014-15ರಿಂದ ಸರ್ಕಾರವು ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರ ತೆರೆಯಿತು. ಒಳ್ಳೆಯ ಯೋಜನೆ. ಆದರೆ ಹಸ್ತಿ ಮಳಿ ಇಡೀ ಹೋಬಳಿಗೆ ಒಂದೇ ದಿನ ಬಿದ್ದರೆ ಒಂದು ಕೂರಿಗಿ ಎಷ್ಟು ಊರಿಗೆ ಹೋದೀತು? ಆಡಳಿತ ಮಂಡಳಿಯ ಸಭೆಯಲ್ಲಿ ಕೆಲವರು ಇನ್ನೂ ಟ್ರ್ಯಾಕ್ಟರಿಗೇ ಸಾಲ ಕೊಡೋಣ ಅಂತಾರೆ. ನಮ್ಮ ವಿಚಾರ ಬೇರೆ. ಟ್ರ್ಯಾಕ್ಟರ್ ಸಾಕಷ್ಟು ಆದವು. ಸಂಘದ ಗೋದಾಮಿನ ಮಗ್ಗುಲಿಗೆ ತಗಡಿನ ಒಂದು ಶೆಡ್ ಹಾಕಿ, ಎರಡು ಕೂರಿಗಿ, ಒಂದು ಪಲ್ಟಿ, ಒಂದು ಮಡಿ ಮಾಡುವ ಸಾಮಾನು, ಎರಡೂ ಅಳತೆಯ ಪಿನ್ನು ಮತ್ತು ಬುಷ್ ಇಡೋಣ. ಎತ್ತು ಇಟ್ಟವರಿಗೆ ಎಡಿಕುಂಟಿಯ ಕುಡವೂ ಅಲ್ಲೇ ಸಿಗಲಿ. ಸರದಿ ಪುಸ್ತಕದಲ್ಲಿ ಸಣ್ಣ ಹಿಡುವಳಿಯವರ ಹೆಸರು ಮೊದಲು ಬರಲಿ.

ಶೆಡ್ಡಿನ ಗೋಡೆಗೆ ಬರೆಸುವ ಸೂಚನೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ಸಮ ನೆಲದ ಮೇಲೆ ಸಾಮಾನು ಇಟ್ಟು ಮೊದಲು ಎಡ ತೋಳು, ಆಮೇಲೆ ಬಲ ತೋಳು, ಕಡೆಗೆ ಮೇಲಿನ ತೋಳು. ಬಿಚ್ಚುವಾಗ ಇದರ ಉಲ್ಟಾ. ಪಿ.ಟಿ.ಓ. ಶಾಫ್ಟ್ ಹಾಕುವಾಗ, ತೆಗೆಯುವಾಗ ಇಂಜಿನ್ ಬಂದ್ ಇರಬೇಕು. ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಧೋತರದ ಚುಂಗು, ಸೀರೆಯ ಸೆರಗು, ಹೆಗಲ ಮೇಲಿನ ಟವೆಲ್ ಸಿಕ್ಕರೆ ಕೂಗುವುದರೊಳಗ ಎಳಕೊಂಡಿರುತ್ತದೆ. ಹಿಂಗಾರಿ ಬಿತ್ತಿಗಿ ಮುಗಿದ ಮೇಲೆ ಕೂರಿಗಿಯ ಪೆಟ್ಟಿಗಿಯೊಳಗ ಉಳಿದ ಗೊಬ್ಬರ ಅವತ್ತೇ ತೆಗೆದು, ತೊಳೆದು, ಎಣ್ಣಿ ಹಚ್ಚಿ ಶೆಡ್ಡಿಗೆ ತಂದು ಒಪ್ಪಿಸತಕ್ಕದ್ದು.